ತುದಿಯಿರುವ ಡಿಎನ್‌ಎಗೆ ಪುಸ್ತಕದಲ್ಲಿ ಜಾಗವಿಲ್ಲ

ಬ್ಯಾಕ್ಟೀರಿಯಾ ಎಂದರೆ ಉಂಗುರದಂಥ ಡಿಎನ್‌ಎ. ನಮ್ಮ ಪಿಯುಸಿ ಜೀವಶಾಸ್ತ್ರ ಪುಸ್ತಕದ ಈ ಮಾತಿಗೆ ಸಿಕ್ಕಿರುವ ಮನ್ನಣೆ ಅದರ ಯೋಗ್ಯತೆಯನ್ನು ಮೀರಿದ್ದು. 1963ರಲ್ಲಿ ಜಾನ್ ಕೇರ್ನ್ಸ್ ಇ. ಕೋಲಿಯ ಉಂಗುರವನ್ನು ತೋರಿಸಿಕೊಟ್ಟದ್ದು ಅಪ್ಪಟ ಕೆಲಸವೇ. ಆ ಒಂದು ಚಿತ್ರವನ್ನು ಇಡೀ ಬ್ಯಾಕ್ಟೀರಿಯಾ ಲೋಕಕ್ಕೆ ಹಚ್ಚಿದ್ದು ಆಮೇಲಿನವರ ಸೋಮಾರಿತನ.

ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಮಕ್ಕಳಿಗೂ ಇದೇ ಪಾಠ. ಮುಂಗಾರಿನ ಮೊದಲ ಮಳೆಗೆ ಆ ಸೀಮೆಯ ಎರೆಹೊಲದಿಂದ ಏಳುವ ವಾಸನೆಯ ಹಿಂದೆ ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾ ಇದೆ. ಕಾಲುವೆ ನೀರಿನ ಭತ್ತಕ್ಕೆ ಎಲೆ ಅಂಗಮಾರಿ ಬಂದಾಗ ರೈತರು ಹೊಡೆಯುತ್ತ ಬಂದ ಸ್ಟ್ರೆಪ್ಟೊಸೈಕ್ಲಿನ್‌ನ ಎರಡೂ ಔಷಧಗಳ ಮೂಲ ಅದೇ. ಅದರ ವರ್ಣತಂತುವಿಗೆ ಎರಡು ತುದಿಗಳಿವೆ ಎಂಬುದು 1993ರಲ್ಲೇ ಗೊತ್ತಾಯಿತು. ನಮ್ಮ ಪುಸ್ತಕಕ್ಕೆ ಇನ್ನೂ ಗೊತ್ತಾಗಿಲ್ಲ.

ತುದಿಯ ತೊಡಕು ಓದುಗರಿಗೆ ತಿಳಿದದ್ದೇ: ನಕಲಿಗೆ ನಾಂದಿಯಾದ ಕೊನೆಯ ಆರ್‌ಎನ್‌ಎ ತುಂಡು ಕಳಚಿದರೆ ಅಲ್ಲಿ ಖಾಲಿ ಉಳಿಯುತ್ತದೆ. ಸ್ಟ್ರೆಪ್ಟೊಮೈಸಿಸ್ ಅದನ್ನು ತುಂಬುವ ಬಗೆಯನ್ನು ನಿಧಾನವಾಗಿ ನೋಡಬೇಕು. ನಕಲು ಎಳೆಯ ನಡುವಿನಿಂದ ಶುರುವಾಗಿ ಎರಡೂ ಕಡೆ ಸಾಗುತ್ತದೆ. ತುದಿ ತಲುಪಿದಾಗ ಒಂದು ಎಳೆ ಸುಮಾರು 280 ಅಕ್ಷರಗಳಷ್ಟು ಒಂಟಿಯಾಗಿ ಚಾಚಿಕೊಂಡಿರುತ್ತದೆ. ಆ ಭಾಗದ ಅಕ್ಷರಗಳು ಹಿಂದುಮುಂದಾಗಿ ಒಂದಕ್ಕೊಂದು ಹೊಂದುವುದರಿಂದ ಅದು ತನ್ನ ಮೇಲೆ ತಾನೇ ಮಡಚಿಕೊಳ್ಳುತ್ತದೆ. ಟ್ಯಾಪ್ ಎಂಬ ಪ್ರೋಟೀನು ಆ ಮಡಿಕೆಯನ್ನು ಹಿಡಿದು ಟಿಪಿಜಿ ಎಂಬ ಇನ್ನೊಂದನ್ನು ಕರೆತರುತ್ತದೆ. ಹೊಸ ಎಳೆಯ ಮೊದಲ ಅಕ್ಷರ ಕೂಡಿಕೊಳ್ಳುವುದು ಆರ್‌ಎನ್‌ಎಗಲ್ಲ, ಈ ಟಿಪಿಜಿಗೆ. ಕೆಲಸ ಮುಗಿದ ಮೇಲೂ ಅದು ಕಳಚುವುದಿಲ್ಲ, ತುದಿಗೇ ಅಂಟಿಕೊಂಡು ಉಳಿಯುತ್ತದೆ. ಕಳಚಲು ಏನೂ ಇಲ್ಲದಿದ್ದರೆ ಖಾಲಿ ಎಲ್ಲಿಂದ ಬರಬೇಕು?

ಇದು ಫೈ29 ವೈರಾಣುವಿನ ಹಳೆಯ ತಂತ್ರವೇ ಎಂದು ಬಲ್ಲವರೂ ಬರೆಯುತ್ತಾರೆ. ನಾನು ಒಪ್ಪಲಾರೆ. ಫೈ29 ತುದಿಯಿಂದಲೇ ಹೊರಟು ಪೂರ್ತಿ ಎಳೆಯನ್ನು ನಕಲು ಮಾಡುತ್ತದೆ. ಇಲ್ಲಿ ಪ್ರೋಟೀನು ಕೊನೆಯ ತೇಪೆಗೆ ಮಾತ್ರ ಬರುತ್ತದೆ. ಟೆಲೊಮರೇಸ್ ಕಿಣ್ವದ ಶೋಧಕ್ಕೆ 2009ರ ನೊಬೆಲ್ ಬಂದಮೇಲೆ ತುದಿಯ ಪ್ರಶ್ನೆಗೆ ಅದೊಂದೇ ಉತ್ತರ ಎಂಬಂತೆ ಬರೆಯುವವರ ಮೇಲೆ ನನ್ನ ತಕರಾರು ಇನ್ನೂ ಹೆಚ್ಚು. ಬೊರೇಲಿಯಾ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ದಾರಿ ಮತ್ತೂ ಬೇರೆ. ಅದು ತುದಿಯ ಎರಡೂ ಎಳೆಗಳನ್ನು ಒಂದಕ್ಕೊಂದು ಕೂಡಿಸಿ ಮುಚ್ಚಿಬಿಡುತ್ತದೆ, ನಕಲಾದ ಮೇಲೆ ರೆಸ್‌ಟಿ ಕಿಣ್ವದಿಂದ ಕತ್ತರಿಸಿ ಮತ್ತೆ ಮುಚ್ಚುತ್ತದೆ. ಇಷ್ಟೆಲ್ಲ ಇರುವಾಗ ಇವನ್ನು ಅಪವಾದ ಎಂದು ಬದಿಗಿಡುವುದು ವಿಜ್ಞಾನವಲ್ಲ, ಅಭ್ಯಾಸ.

ತುದಿ ಕಳೆದುಕೊಂಡು ಉಂಗುರವಾದ ಸ್ಟ್ರೆಪ್ಟೊಮೈಸಿಸ್ ಕೂಡ ಪ್ರಯೋಗಶಾಲೆಯಲ್ಲಿ ಬದುಕುತ್ತದೆ, ನಿಜ. ಅದರಿಂದ ಸಾಬೀತಾಗುವುದು ಉಂಗುರ ಸಾಧ್ಯ ಎಂಬುದಷ್ಟೇ. 86 ಲಕ್ಷ ಅಕ್ಷರಜೋಡಿ ಮೀರಿದ ಎಳೆಯನ್ನು ಎರಡೂ ತುದಿ ಸವೆಯದಂತೆ ಕಾಯುವ ಈ ಜೀವಿಗೆ ಪುಸ್ತಕದಲ್ಲಿ ಉಂಗುರದ ಪಕ್ಕದಲ್ಲೇ, ಅಷ್ಟೇ ದೊಡ್ಡ ಚಿತ್ರ ಬೇಕು, ಟಿಪಿಜಿ ಸಮೇತ.