ಏನೂ ಆಗದ ಎಸೆತಗಳು

2001ರ ಮಾರ್ಚ್ 14, ಬುಧವಾರ. ಹೂವಿನಹಡಗಲಿಯಲ್ಲಿ ನನ್ನ ಸೋದರಮಾವನ ಮನೆಯ ಪಡಸಾಲೆ. ನಸುಕಿನಲ್ಲಿ ಕಿತ್ತು ತಂದ ಮಲ್ಲಿಗೆ ಮೊಗ್ಗು ಒದ್ದೆ ಬಟ್ಟೆಯ ಮೇಲೆ ರಾಶಿ ಬಿದ್ದಿತ್ತು. ಅತ್ತೆ, ಅಜ್ಜಿ, ಪಕ್ಕದ ಮನೆಯ ಇಬ್ಬರು ಹೆಣ್ಣುಮಕ್ಕಳು ಸುತ್ತ ಕೂತು ಹೂ ಕಟ್ಟುತ್ತಿದ್ದರು. ಮಾವ ಕಟ್ಟಿದ ಹೂವನ್ನು ಮಾರು ಹಾಕಿ ಅಳೆದು ಸುತ್ತಿಡುತ್ತಿದ್ದ. ಕಿಟಕಿಯಲ್ಲಿ ರೇಡಿಯೊ. ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧದ ಎರಡನೇ ಟೆಸ್ಟ್, ನಾಲ್ಕನೇ ದಿನ. ಆಕಾಶವಾಣಿಯ ಕಾಮೆಂಟರಿ ಸ್ವಲ್ಪ ಹೊತ್ತು ಹಿಂದಿ, ಸ್ವಲ್ಪ ಹೊತ್ತು ಇಂಗ್ಲಿಷ್. ಮಾವನಿಗೆ ಎರಡೂ ಅಷ್ಟಕ್ಕಷ್ಟೆ. ಪಿಯುಸಿ ಪರೀಕ್ಷೆಗೆ ಓದಬೇಕಿದ್ದ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲವನ್ನೂ ಕನ್ನಡದಲ್ಲಿ ಹೇಳಲು ಹಚ್ಚಿದ್ದ. ನಾನು ಮಾಡಿದ ಮೊದಲ ಅನುವಾದ ಅದು. ಮೊದಲ ಕಳ್ಳ ಅನುವಾದವೂ ಅದೇ.

ಆವತ್ತು ವಿ.ವಿ.ಎಸ್. ಲಕ್ಷ್ಮಣ್ ಹೊಡೆಯುತ್ತಿದ್ದರು. ಅದನ್ನು ಹೇಳುವುದು ಸುಲಭ. ಆದರೆ ರಾಹುಲ್ ದ್ರಾವಿಡ್ ಶೇನ್ ವಾರ್ನ್ ಎದುರು ಚೆಂಡನ್ನು ತಡೆದು ತಡೆದು ನಿಲ್ಲಿಸುವಾಗ ನನಗೆ ಹೇಳಲು ಏನೂ ಇರುತ್ತಿರಲಿಲ್ಲ. ಮಾವನಿಗೆ ಬೇಸರವಾದೀತೆಂದು ಒಂದೆರಡು ಓವರ್ ನುಂಗಿದೆ. ಆಮೇಲೆ ಧೈರ್ಯ ಹೆಚ್ಚಾಗಿ, ಸುಮ್ಮನೆ ತಡೆದ ಒಂದು ಎಸೆತಕ್ಕೆ "ಫೋರ್ ಹೊಡದ್ರು ಮಾವಾ" ಎಂದೆ. ಓವರ್ ಮುಗಿದು ಹಿಂದಿಯಲ್ಲಿ ಸ್ಕೋರ್ ಬಂತು. ಹಿಂದಿ ಬಾರದಿದ್ದರೂ ಹಿಂದಿಯ ಅಂಕಿ ಮಾವನಿಗೆ ಬರುತ್ತಿದ್ದವು; ಹೂವಿನ ವ್ಯಾಪಾರಿ ಅವನು.

"ಲೆಕ್ಕ ಕೂಡವಲ್ದಲ್ಲೋ ಅಳಿಯಾ. ಒಂದ ರನ್ ಆಗೇತಿ. ನಿನ್ನ ಫೋರ್ ಎಲ್ಲಿ ಹೋತು?"

ನಾನು ತಲೆ ತಗ್ಗಿಸಿದೆ. ಹೆಣ್ಣುಮಕ್ಕಳು ನಕ್ಕರು. ಮಾವ ನಗಲಿಲ್ಲ, ಬೈಯಲೂ ಇಲ್ಲ. "ಏನೂ ಆಗ್ಲಿಲ್ಲ ಅಂದ್ರ ಏನೂ ಆಗ್ಲಿಲ್ಲ ಅಂತ ಹೇಳು. ಅದನ್ನೂ ಕೇಳಬೇಕು ನಾನು" ಎಂದ.

ಇಪ್ಪತ್ತು ವರ್ಷಕ್ಕೂ ಮಿಕ್ಕಿ ಆ ಸರಣಿಯ ಬಗ್ಗೆ ಬಂದ ಬರಹ, ಭಾಷಣ, ವಿಡಿಯೊಗಳನ್ನು ನೋಡುತ್ತ ಬಂದಿದ್ದೇನೆ. ಸಾಹಿತ್ಯದ ಪಾಠ ಹೇಳುವ ಕೆಲಸ ಸಿಕ್ಕ ಮೇಲೂ ಆ ಚಟ ಹೋಗಿಲ್ಲ. ನೋಡಿದಷ್ಟೂ ನನಗೆ ಅನ್ನಿಸುವುದು ಇಷ್ಟೆ: ನಾವೆಲ್ಲರೂ ಆವತ್ತಿನ ನನ್ನ ಹಾಗೆಯೇ ಆ ಸರಣಿಯನ್ನು ಹೇಳುತ್ತ ಬಂದಿದ್ದೇವೆ. ಓವರ್‌ಗಳನ್ನು ನುಂಗಿದ್ದೇವೆ, ಇಲ್ಲದ ಕಡೆ ಫೋರ್ ಹೊಡೆಸಿದ್ದೇವೆ.

ಸಿದ್ಧವಾಗಿರುವ ಕಥೆ ಎಲ್ಲರಿಗೂ ಗೊತ್ತು. ಸತತ 15 ಟೆಸ್ಟ್ ಗೆದ್ದು ಬಂದ ಸ್ಟೀವ್ ವಾ ತಂಡ ಮುಂಬೈಯಲ್ಲಿ ಮೂರೇ ದಿನದಲ್ಲಿ 10 ವಿಕೆಟ್‌ಗಳಿಂದ ಗೆದ್ದು ಅದನ್ನು 16 ಮಾಡಿತು. ಕೋಲ್ಕತ್ತದಲ್ಲಿ ಹರಭಜನ್ ಸಿಂಗ್ ಹ್ಯಾಟ್ರಿಕ್ ಪಡೆದರು. 445ಕ್ಕೆ ಎದುರಾಗಿ 171ಕ್ಕೆ ಆಲೌಟ್ ಆದ ಭಾರತ ಫಾಲೋ ಆನ್‌ಗೆ ಸಿಕ್ಕಿತು. ಲಕ್ಷ್ಮಣ್ 281, ದ್ರಾವಿಡ್ 180, ಐದನೇ ವಿಕೆಟ್‌ಗೆ 376. ಭಾರತಕ್ಕೆ 171 ರನ್‌ಗಳ ಜಯ. ಚೆನ್ನೈಯಲ್ಲಿ ಹರಭಜನ್‌ಗೆ 15 ವಿಕೆಟ್. ಎರಡು ವಿಕೆಟ್ ಉಳಿದಿರುವಾಗ ಗೆಲುವಿನ ರನ್ ಹೊಡೆದವರೂ ಅವರೇ. ಸರಣಿ 2–1. ಇದು ವೀರಗಾಥೆ. ತಪ್ಪೇನಿಲ್ಲ, ಎಲ್ಲವೂ ನಿಜ. ಆದರೆ ಐದು ದಿನದ ಆಟವನ್ನು ಹೀಗೆ ಹೇಳುವುದೆಂದರೆ ರಾತ್ರಿಯಿಡೀ ನಡೆದ ದೊಡ್ಡಾಟದಲ್ಲಿ ಭೀಮ ಬಂದಾಗ ಮಾತ್ರ ಕಣ್ಣು ಬಿಟ್ಟು, ಉಳಿದ ಹೊತ್ತು ಕಂಬಳಿ ಹೊದ್ದು ಮಲಗಿ, ಬೆಳಿಗ್ಗೆ ಎದ್ದು ಆಟ ನೋಡಿದೆ ಎಂದ ಹಾಗೆ.

ಒಂದು ಲೆಕ್ಕ ಮಾಡೋಣ. ಲಕ್ಷ್ಮಣ್ 281 ರನ್‌ಗೆ ಎದುರಿಸಿದ್ದು 452 ಎಸೆತ. ಅದರಲ್ಲಿ ಬೌಂಡರಿ 44, ಅಂದರೆ 176 ರನ್. ಉಳಿದದ್ದು 105. ಆ 105ನ್ನೂ ಒಂದೊಂದಾಗಿಯೇ ಓಡಿದರೆಂದು ಹಿಡಿದರೂ ರನ್ ಬಂದ ಎಸೆತಗಳು 149 ಮೀರುವುದಿಲ್ಲ. ಎಂದರೆ ಕನಿಷ್ಠ 303 ಎಸೆತಗಳಲ್ಲಿ ಏನೂ ಆಗಲಿಲ್ಲ. ದ್ರಾವಿಡ್ 180ಕ್ಕೆ 353 ಎಸೆತ, 20 ಬೌಂಡರಿ. ಅದೇ ಲೆಕ್ಕದಲ್ಲಿ ಕನಿಷ್ಠ 233 ಎಸೆತ ಖಾಲಿ. ಇಬ್ಬರದೂ ಕೂಡಿದರೆ 805ರಲ್ಲಿ 536. ಮೂರು ಎಸೆತಕ್ಕೆ ಎರಡು ಖಾಲಿ.

ಇದು ಮಂದಗತಿಯ ಆಟವಾಗಿರಲಿಲ್ಲ ಎಂಬುದನ್ನು ಮರೆಯಬಾರದು. ಮೂರನೇ ದಿನದ ಕೊನೆಗೆ 4 ವಿಕೆಟ್‌ಗೆ 254 ಇದ್ದದ್ದು ನಾಲ್ಕನೇ ದಿನದ ಕೊನೆಗೆ ಅದೇ 4 ವಿಕೆಟ್‌ಗೆ 589 ಆಗಿತ್ತು. ಒಂದೇ ದಿನ 335 ರನ್, ವಿಕೆಟ್ ಒಂದೂ ಇಲ್ಲ. ಟೆಸ್ಟ್ ಲೆಕ್ಕದಲ್ಲಿ ಇದು ಓಟವೇ. ಅಂಥ ಓಟದ ಒಳಗೂ ಮೂರರಲ್ಲಿ ಎರಡು ಎಸೆತ ಖಾಲಿ ಎಂದರೆ, ಖಾಲಿ ಎನ್ನುವುದು ಈ ಆಟದ ಕೊರತೆಯಲ್ಲ, ಅದರ ಮೈ. ಆ ದಿನದ ದೊಡ್ಡ ಘಟನೆಯೇ ಒಂದು ಆಗದಿರುವಿಕೆ: ಮೆಕ್‌ಗ್ರಾ, ಗಿಲೆಸ್ಪಿ, ವಾರ್ನ್, ಕ್ಯಾಸ್ಪ್ರೊವಿಚ್ ಇದ್ದೂ ವಿಕೆಟ್ ಬೀಳಲಿಲ್ಲ. ಬೌಂಡರಿಗಳನ್ನು ಮಾತ್ರ ಪೋಣಿಸಿದ ವಿಡಿಯೊದಲ್ಲಿ ಈ ಘಟನೆಯೇ ಕಾಣುವುದಿಲ್ಲ. ಚೆಂಡು ಪ್ರತಿ ಸಲವೂ ಬೇಲಿಗೇ ಹೋಗುವ ಆ ವಿಡಿಯೊ ನೋಡಿದವನಿಗೆ ಆಸ್ಟ್ರೇಲಿಯದವರು ದಡ್ಡರ ಹಾಗೆ ಕಾಣುತ್ತಾರೆ. ಎದುರಾಳಿ ದಡ್ಡನಾದ ಕಡೆ ಗೆಲುವಿಗೆ ಬೆಲೆ ಎಲ್ಲಿಂದ ಬರಬೇಕು?

ಕನ್ನಡದ ಅಭಿಮಾನಿ ಮಾಡುವ ಇನ್ನೊಂದು ತಪ್ಪು ಓದು ಇದೆ. ಅದರಲ್ಲಿ ನಾನೂ ಬಹಳ ವರ್ಷ ಪಾಲುದಾರ. "ನಮ್ಮ ದ್ರಾವಿಡ್‌ಗೆ ಅನ್ಯಾಯವಾಯಿತು" ಎಂಬ ಗೋಳು ಅದು. ಪಟ್ಟಿ ಎಲ್ಲರ ಬಾಯಲ್ಲಿದೆ. 1996ರಲ್ಲಿ ಲಾರ್ಡ್ಸ್‌ನ ಮೊದಲ ಟೆಸ್ಟಿನಲ್ಲಿ 95, ಅಲ್ಲಿ ಗಂಗೂಲಿ 131. 1999ರ ವಿಶ್ವಕಪ್‌ನಲ್ಲಿ ಟಾಂಟನ್‌ನಲ್ಲಿ 145, ಅಲ್ಲಿ ಗಂಗೂಲಿ 183. ಅದೇ ವರ್ಷ ಹೈದರಾಬಾದಿನಲ್ಲಿ 153, ಅಲ್ಲಿ ತೆಂಡೂಲ್ಕರ್ ಔಟಾಗದೆ 186. ಕೋಲ್ಕತ್ತದಲ್ಲಿ 180, ಅಲ್ಲಿ 281. ಯಾವಾಗಲೂ ಇನ್ನೊಬ್ಬರ ನೆರಳು. ಲಕ್ಷ್ಮಣ್ ತಮ್ಮ ಆತ್ಮಕಥೆಯ ಹೆಸರಿನಲ್ಲೇ 281ನ್ನು ಇಟ್ಟರು. 180ರ ಹೆಸರಿನಲ್ಲಿ ಯಾರು ಪುಸ್ತಕ ಬರೆದರು ಎಂದು ನಾನೇ ಒಂದು ಸಭೆಯಲ್ಲಿ ಕೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ.

ಈಗ ಆ ಚಪ್ಪಾಳೆ ನನಗೆ ನಾಚಿಕೆ ತರುತ್ತದೆ. ಆ ಮಾತಿನಲ್ಲಿ ದ್ರಾವಿಡ್ ಆಟದ ಓದೇ ಇಲ್ಲ, ಇರುವುದು ಊರಿನ ಪಾಲು ಕೇಳುವ ಜಗಳ. ಆ ಇನಿಂಗ್ಸ್‌ನಲ್ಲಿ ನಿಜವಾಗಿ ನಡೆದದ್ದೇನು? ಮೊದಲ ಇನಿಂಗ್ಸ್‌ನಲ್ಲಿ ಆರನೆಯವರಾಗಿ ಬಂದು 59 ಹೊಡೆದ ಲಕ್ಷ್ಮಣ್ ಅವರನ್ನು ಮೂರನೇ ಕ್ರಮಾಂಕಕ್ಕೆ ಏರಿಸಿ, ಮೂರನೆಯ ದ್ರಾವಿಡ್ ಅವರನ್ನು ಆರಕ್ಕೆ ಇಳಿಸಲಾಯಿತು. ಮೂರನೇ ದಿನದ ಕೊನೆಗೆ ಲಕ್ಷ್ಮಣ್ 109, ದ್ರಾವಿಡ್ 7. ತನ್ನ ಜಾಗ ಬಿಟ್ಟುಕೊಟ್ಟವನು, ಆ ಜಾಗಕ್ಕೆ ಬಂದವನ ಎದುರು ತುದಿಯಲ್ಲಿ ಮರುದಿನ ಪೂರ್ತಿ ನಿಂತ. ಇದನ್ನು ಅನ್ಯಾಯ ಎಂದರೆ ಕಥೆ ಅಲ್ಲಿಗೆ ಮುಗಿಯುತ್ತದೆ. ಇಬ್ಬರಲ್ಲಿ ಯಾರು ದೊಡ್ಡವರೆಂದು ಅಳೆಯುವ ಬದಲು, ಒಬ್ಬರ 303 ಖಾಲಿ ಎಸೆತ ಮತ್ತೊಬ್ಬರ 233 ಖಾಲಿ ಎಸೆತವನ್ನು ಹೇಗೆ ಸಾಧ್ಯಮಾಡಿತು ಎಂದು ಕೇಳಿದರೆ ಕಥೆ ಅಲ್ಲಿಂದ ಶುರುವಾಗುತ್ತದೆ. 2003ರ ಡಿಸೆಂಬರ್‌ನಲ್ಲಿ ಅಡಿಲೇಡ್‌ನಲ್ಲಿ ಇದೇ ಜೋಡಿ 4 ವಿಕೆಟ್‌ಗೆ 85 ಇದ್ದಾಗ ಕೂಡಿ 303 ಸೇರಿಸಿತು. ಅಲ್ಲಿ ದ್ರಾವಿಡ್ 233, ಎರಡನೇ ಇನಿಂಗ್ಸ್‌ನಲ್ಲಿ ಔಟಾಗದೆ 72, ಮತ್ತು ಗೆಲುವು. ಲಕ್ಷ್ಮಣ್ ಅವರ 148 ಅಲ್ಲಿ ನೆರಳಾಯಿತು. ಆಗ ನಾವ್ಯಾರೂ ಹೈದರಾಬಾದಿನವರಿಗೆ ಅನ್ಯಾಯವಾಯಿತು ಎನ್ನಲಿಲ್ಲ.

ಮಾವನಿಗೆ ಈ ಗೋಳು ಇರಲಿಲ್ಲ. ಅವನ ದೇವರು ಗುಂಡಪ್ಪ ವಿಶ್ವನಾಥ್. ಭದ್ರಾವತಿಯವರಾದ್ದರಿಂದ "ನಮ್ಮ ಹೊಳಿ ನೀರು ಕುಡದಾಂವ" ಎನ್ನುತ್ತಿದ್ದ. ಭದ್ರೆ ಕೂಡ್ಲಿಯಲ್ಲಿ ತುಂಗೆಯನ್ನು ಸೇರಿ ನಮ್ಮ ಕಡೆಗೇ ಬರುತ್ತಾಳಲ್ಲ. ವಿಶ್ವನಾಥ್ ಅವರ 14 ಟೆಸ್ಟ್ ಶತಕಗಳಲ್ಲಿ ಒಂದನ್ನೂ ಅವನು ಹೇಳಿದ್ದು ನನಗೆ ನೆನಪಿಲ್ಲ. ಹೇಳುತ್ತಿದ್ದದ್ದು ಒಂದೇ: 1975ರ ಜನವರಿ, ಚೆಪಾಕ್, ವೆಸ್ಟ್ ಇಂಡೀಸ್ ವಿರುದ್ಧ. ಆಂಡಿ ರಾಬರ್ಟ್ಸ್ ಏಳು ವಿಕೆಟ್ ಕಿತ್ತು ಭಾರತವನ್ನು 190ಕ್ಕೆ ಮುಗಿಸಿದ ಇನಿಂಗ್ಸ್‌ನಲ್ಲಿ ವಿಶ್ವನಾಥ್ ಔಟಾಗದೆ 97. ಜೊತೆಗೆ ಉಳಿಯುವವರು ಇಲ್ಲದೆ ಶತಕ ಆಗಲಿಲ್ಲ. ಆ ಟೆಸ್ಟ್ ಗೆದ್ದರೂ ಸರಣಿಯನ್ನು ಭಾರತ 3–2ರಿಂದ ಸೋತಿತು. ಆಗದ ಶತಕ, ಗೆಲ್ಲದ ಸರಣಿ; ಮಾವನ ಪಾಲಿಗೆ ಅದೇ ತುದಿ. ಫಲಿತಾಂಶದಿಂದ ಹಿಂದಕ್ಕೆ ಓದುವವನಿಗೆ ಈ ಪ್ರೀತಿ ಅರ್ಥವಾಗದು.

ನಮ್ಮ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಕಾರ್ಣಿಕ ನಡೆಯುತ್ತದೆ. ಗೊರವಯ್ಯ ಎತ್ತರದ ಬಿಲ್ಲನ್ನೇರಿ ಒಂದೇ ಒಂದು ವಾಕ್ಯ ನುಡಿದು ಕೆಳಕ್ಕೆ ಬೀಳುತ್ತಾನೆ. ಆಮೇಲೆ ವರ್ಷವಿಡೀ ಅದರ ಅರ್ಥ ಹಚ್ಚುವ ಕೆಲಸ ಜನರದು. ಮಳೆಗೋ, ಬೆಳೆಗೋ, ರಾಜಕೀಯಕ್ಕೋ? ನನಗೆ ಸ್ಕೋರ್‌ಕಾರ್ಡ್ ಕೂಡ ಹಾಗೆಯೇ ಕಾಣುತ್ತದೆ. ನಾಲ್ಕು ಅಂಕಿ ಹೇಳಿ ಸುಮ್ಮನಾಗುತ್ತದೆ, ಉಳಿದದ್ದನ್ನು ಓದುಗನಿಗೆ ಬಿಡುತ್ತದೆ. ಮೇಲಿನ 536ರ ಲೆಕ್ಕ ಯಾರೂ ಬರೆದು ಇಟ್ಟದ್ದಲ್ಲ, ಸ್ಕೋರ್‌ಕಾರ್ಡಿನ ಎರಡು ಸಾಲಿನಿಂದ ತೆಗೆದದ್ದು. ಹತ್ತು ನಿಮಿಷದ ವಿಡಿಯೊ ಹಾಗಲ್ಲ. ಅದು ಅರ್ಥವನ್ನೂ ತಾನೇ ಹೇಳಿ ಮುಗಿಸುತ್ತದೆ. ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದು ಹೊಸತಲ್ಲ. ಕಾದಂಬರಿಯ ಸಾರಾಂಶ ಓದಿ ಪರೀಕ್ಷೆ ಪಾಸಾಗಬಹುದು. ಆದರೆ 'ಮಲೆಗಳಲ್ಲಿ ಮದುಮಗಳು' ಓದುವಾಗ ಕಾಡು, ಮಳೆ, ದಾರಿ ನಡೆಯುವ ಪುಟಗಳನ್ನು ಹಾರಿಸಿದವನ ಕೈಯಲ್ಲಿ ಉಳಿಯುವುದು ಬರೀ ಯಾರು ಯಾರನ್ನು ಮದುವೆಯಾದರು ಎಂಬ ಸುದ್ದಿ.

ಇಷ್ಟು ಹೇಳಿ, ನಾನು ಖಾಲಿ ಎಸೆತಗಳನ್ನು ಪೂಜೆಗೆ ಇಡುತ್ತಿದ್ದೇನೆ ಎಂದುಕೊಳ್ಳಬೇಡಿ. ಎಷ್ಟೋ ಡ್ರಾ ಟೆಸ್ಟ್‌ಗಳಲ್ಲಿ ಖಾಲಿ ಎಸೆತ ಬರೀ ಖಾಲಿಯೇ. ಅದು ಅರ್ಥ ಪಡೆಯುವುದು ಏನೋ ಒಂದು ಕಳೆದುಕೊಳ್ಳುವ ಭಯ ಎದುರಿಗಿದ್ದಾಗ ಮಾತ್ರ. ಅದು ನನಗೆ ತಿಳಿದದ್ದು ಬಹಳ ತಡವಾಗಿ.

2020ರ ಬೇಸಿಗೆಯಲ್ಲಿ ಲಾಕ್‌ಡೌನ್ ಬಂದಾಗ ಮಲ್ಲಿಗೆಯ ಸುಗ್ಗಿ. ಬಸ್ಸಿಲ್ಲ, ಸಂತೆಯಿಲ್ಲ, ಗುಡಿಗಳಿಗೆ ಬೀಗ, ಮದುವೆಗಳಿಲ್ಲ. ಮಾವ ಮೊದಲ ವಾರ ಕೀಳಿಸಿದ ಹೂವನ್ನು ತಿಪ್ಪೆಗೆ ಸುರಿದ. ಆಮೇಲೆ ಕೀಳಿಸುವುದನ್ನೇ ಬಿಟ್ಟ. ಮೊಗ್ಗು ಗಿಡದಲ್ಲೇ ಅರಳಿ, ಗಿಡದಲ್ಲೇ ಕಂದಾಯಿತು. ಆದರೂ ದಿನಾ ನಸುಕಿಗೆ ಹೊಲಕ್ಕೆ ಹೋಗುತ್ತಿದ್ದ. ಅಗತೆ ಮಾಡಿಸಿದ, ನೀರು ಕಟ್ಟಿದ, ಒಣಗಿದ ಟೊಂಗೆ ಕತ್ತರಿಸಿದ. ಫೋನಿನಲ್ಲಿ "ಏನು ನಡೀತು ಮಾವಾ?" ಎಂದರೆ "ಏನೂ ಇಲ್ಲ" ಎನ್ನುತ್ತಿದ್ದ. ಆ ಎರಡು ಪದದೊಳಗೆ ಎಷ್ಟು ಕೆಲಸವಿತ್ತೆಂದು ನನಗೆ ಆಗ ಹೊಳೆಯಲಿಲ್ಲ.

ಡಿಸೆಂಬರ್‌ನಲ್ಲಿ ಭಾರತ ಅಡಿಲೇಡ್‌ನಲ್ಲಿ 36ಕ್ಕೆ ಆಲೌಟ್ ಆಯಿತು. ಮೆಲ್ಬರ್ನ್‌ನಲ್ಲಿ ಗೆದ್ದು ಸರಣಿ ಸಮವಾಯಿತು. 2021ರ ಜನವರಿ 11, ಸಿಡ್ನಿ ಟೆಸ್ಟಿನ ಕೊನೆಯ ದಿನ ನಾನು ಹಡಗಲಿಯಲ್ಲಿದ್ದೆ. ಮಾವನ ಕಣ್ಣು ಮಂಜಾಗಿತ್ತು, ಫೋನಿನ ಅಕ್ಷರ ಕಾಣುತ್ತಿರಲಿಲ್ಲ. ಮತ್ತೆ ನಾನೇ ಅನುವಾದಕ. ರಿಷಭ್ ಪಂತ್ 97ಕ್ಕೆ ಔಟಾದರು. 97 ಎಂದಾಗ ಮಾವ ಸಣ್ಣಗೆ ನಕ್ಕ. ಪೂಜಾರ 77ಕ್ಕೆ ಹೋದರು. ಉಳಿದದ್ದು ತೊಡೆಯ ಸ್ನಾಯು ಸೆಳೆದು ಓಡಲಾಗದ ಹನುಮ ವಿಹಾರಿ, ಬೆನ್ನು ನೋವಿನ ಅಶ್ವಿನ್. ಇಬ್ಬರೂ ನಲವತ್ತಕ್ಕೂ ಹೆಚ್ಚು ಓವರ್ ನಿಂತರು. ವಿಹಾರಿ 161 ಎಸೆತಕ್ಕೆ 23. ಅಲ್ಲಿಗೆ ಕನಿಷ್ಠ 138 ಎಸೆತ ಖಾಲಿ.

ನಾನು ಒಂದೊಂದನ್ನೂ ಹೇಳಿದೆ. ತಡೆದ. ಬಿಟ್ಟ. ಎದೆಗೆ ಬಿತ್ತು, ನಿಂತ. ಚೆಂಡನ್ನು ಆಡದೆ ಕೀಪರ್‌ಗೆ ಹೋಗಲು ಬಿಡುವುದಕ್ಕೆ ನಾನು ಬರೀ "ಬಿಟ್ಟ" ಎಂದರೆ ಮಾವ ತಿದ್ದುತ್ತಿದ್ದ: "ಬಿಟ್ಟ ಅಂದ್ರ ಕೈಬಿಟ್ಟ ಅಂದಂಗ ಆಕ್ಕೇತಿ. ಹೋಗಾಕ ಬಿಟ್ಟ ಅನ್ನು." ಬಿಡುವುದಕ್ಕೂ ಹೋಗಲು ಬಿಡುವುದಕ್ಕೂ ಇರುವ ಅಂತರವನ್ನು ನನಗೆ ಯಾವ ವಿಮರ್ಶಕರೂ ಇಷ್ಟು ಚಿಕ್ಕದಾಗಿ ಹೇಳಿಕೊಟ್ಟಿರಲಿಲ್ಲ.

ಪಂದ್ಯ ಡ್ರಾ ಆಯಿತು. ಎಂಟು ದಿನಗಳ ನಂತರ ಬ್ರಿಸ್ಬೇನ್‌ನಲ್ಲಿ ಗೆದ್ದು ಭಾರತ ಸರಣಿಯನ್ನೂ ಗೆದ್ದಿತು. ಊರಿನ ಹುಡುಗರು ಪಟಾಕಿ ಹೊಡೆದರು. ಈಗ ಎಲ್ಲರೂ ಹೇಳುವುದು ಬ್ರಿಸ್ಬೇನ್ ಕಥೆಯನ್ನೇ. ಇರಲಿ, ಅದೂ ನಿಜವೇ.

ಸಿಡ್ನಿಯ ಆ ಮಧ್ಯಾಹ್ನ ಆಟ ಮುಗಿದ ಮೇಲೆ ಅತ್ತೆ ಚಹಾ ತಂದಿಟ್ಟು "ಯಾರು ಗೆದ್ರು?" ಎಂದಳು.

"ಯಾರೂ ಗೆಲ್ಲಲಿಲ್ಲ" ಎಂದೆ.

"ಮತ್ತ ಮುಂಜಾನಿಂದ ಏನ್ ಕೇಳಿದ್ರಿ ಇಬ್ರೂ?"

ಮಾವ ಚಹಾದ ಲೋಟ ಎತ್ತಿಕೊಂಡು, "ಎಲ್ಲಾನೂ ಕೇಳಿದ್ವಿ" ಎಂದ.