ತಳ್ಳಿದರೂ ಏಳದ ಕಾರು

ಪುಷ್ಯ ಮಳೆ ಬಿಡದೆ ಹೊಯ್ಯುತ್ತಿದ್ದ ಬೆಳಿಗ್ಗೆ. ಕೊಡ್ಲಿಪೇಟೆಯ ಗೆಳೆಯರ ಪೆಟ್ರೋಲ್ ಕಾರನ್ನು ಮನೆಯ ಇಳಿಜಾರಿನಿಂದ ರಸ್ತೆಯವರೆಗೆ ಮೂವರು ತಳ್ಳಿಕೊಂಡು ಬಂದಿದ್ದರು. ಸೆಕೆಂಡ್ ಗೇರಿಗೆ ಹಾಕಿ ಕ್ಲಚ್ ಬಿಟ್ಟರೆ ಎಂಜಿನ್ ಒಂದು ಕ್ಷಣ ಉಸಿರಾಡಿ ಸತ್ತಂತಾಗುತ್ತಿತ್ತು. ಬ್ಯಾಟರಿ ಹೊಸದು, ಪೆಟ್ರೋಲ್ ಅರ್ಧ ಟ್ಯಾಂಕ್.

ಜೀಪಿನ ಕಾಲದಲ್ಲಿ ನಮಗೆ ಇಳಿಜಾರೇ ಅರ್ಧ ಮೆಕ್ಯಾನಿಕ್. ಆದರೆ ತಳ್ಳುವುದು ಸ್ಟಾರ್ಟರ್ ಮೋಟರಿನ ಕೆಲಸವನ್ನಷ್ಟೇ ಮಾಡೀತು. ಕೀಯ ಗುರುತು ಪರೀಕ್ಷಿಸುವ ಇಮ್ಮೊಬಿಲೈಸರ್ ಒಪ್ಪದಿದ್ದರೆ ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಪೆಟ್ರೋಲನ್ನೋ ಕಿಡಿಯನ್ನೋ ತಡೆಹಿಡಿಯುತ್ತದೆ. ಆಗ ಹೇಮಾವತಿ ದಡದವರೆಗೆ ತಳ್ಳಿದರೂ ವ್ಯರ್ಥ.

ನಾನು ಮೊದಲು ನೋಡಿದ್ದು ಡಯಲ್ಲಿನ ಕಾರು-ಬೀಗದ ಕೈ ಗುರುತಿನ ದೀಪವನ್ನು. ಕೀ ಆನ್ ಮಾಡಿದರೆ ಒಂದೆರಡು ಕ್ಷಣದಲ್ಲಿ ಆರಬೇಕಿದ್ದ ದೀಪ ಮಿಟುಕುತ್ತಲೇ ಇತ್ತು. ಅಲ್ಲಿಗೆ ದಾರಿ ತಿಳಿಯಿತು. ಕೀಯ ತಲೆಯೊಳಗೆ ಅಕ್ಕಿಕಾಳಿನಷ್ಟು ಚಿಕ್ಕ ಚಿಪ್ ಇರುತ್ತದೆ. ಅದಕ್ಕೆ ಬ್ಯಾಟರಿ ಬೇಡ: ಇಗ್ನಿಷನ್ ಬೀಗದ ಸುತ್ತ ಕೂತ ತಂತಿಬಳೆ ಸಾಮಾನ್ಯವಾಗಿ 125 ಕಿಲೋಹರ್ಟ್ಸ್ ಅಲೆ ಹೊಮ್ಮಿಸಿ ಚಿಪ್ಪನ್ನು ಎಬ್ಬಿಸುತ್ತದೆ, ಅದು ತನ್ನ ಗುರುತು ಹೇಳುತ್ತದೆ. ರಿಮೋಟಿನ ಸೆಲ್ ಸತ್ತರೆ ಬಾಗಿಲು ತೆರೆಯದಿರಬಹುದು, ಇಂಥ ಕೀಯ ಕಾರು ಸ್ಟಾರ್ಟ್ ಆಗಲು ಅದು ಅಡ್ಡಿಯಲ್ಲ.

ಎರಡನೆಯ ಕೀ ತರಿಸಿದೆ. ಅದರಲ್ಲಿ ಕಾರು ಎದ್ದಿದ್ದರೆ ತಪ್ಪು ಮೊದಲ ಕೀಯದು. ಮುರಿದ ಕವಚ ಬದಲಿಸುವಾಗ ಚಿಪ್ಪನ್ನು ಹಳೆಯ ಕವಚದಲ್ಲೇ ಬಿಟ್ಟು ಬಿಸಾಡಿದವರನ್ನು ಕಂಡಿದ್ದೇನೆ. ಗೊಂಚಲಿನಲ್ಲಿ ಇನ್ನೊಂದು ಚಿಪ್ ಕೀ ಇದ್ದರೂ ಬಳೆಗೆ ಗೊಂದಲವಾದೀತು. ಇಲ್ಲಿ ಎರಡೂ ಕೀಗಳು ಸೋತವು. ಸ್ಕ್ಯಾನರಿನಲ್ಲಿ ಪಿ0513 ಬಂತು: ಕೀ ಸರಿಯಿಲ್ಲ ಎಂಬ ದೂರು. ಹೊಸ ಕೀ ಕೊಳ್ಳುವ ಮಾತು ಎದ್ದದ್ದು ಆಗಲೇ. ಎರಡು ಕೀಗಳು ಒಂದೇ ರಾತ್ರಿ ಕೆಡುವುದುಂಟೆ? ಕೋಡ್ ಎಲ್ಲಿ ಹುಡುಕಬೇಕೆಂದು ತೋರಿಸುತ್ತದೆ, ಏನು ಕೊಳ್ಳಬೇಕೆಂದಲ್ಲ.

ಬ್ಯಾಟರಿಯ ಮೈನಸ್ ಕಳಚಿ, ಏರ್‌ಬ್ಯಾಗಿನ ಭಯಕ್ಕೆ ಕೆಲವು ನಿಮಿಷ ಕಾದು, ಸ್ಟೇರಿಂಗ್ ಕೆಳಗಿನ ಪ್ಲಾಸ್ಟಿಕ್ ಬಿಚ್ಚಿದೆವು. ತಂತಿಬಳೆಯ ಕನೆಕ್ಟರಿನ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿತ್ತು. ತಿಂಗಳುಗಟ್ಟಲೆ ಒಣಗದ ನಮ್ಮ ಥಂಡಿ ಮಾಡಿದ ಕೆಲಸ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಒರೆಸಿ, ಒತ್ತಿ ಕೂರಿಸಿದೆವು. ಬ್ಯಾಟರಿ ಜೋಡಿಸಿ ಕೀ ತಿರುಗಿಸಿದಾಗ ದೀಪ ಆರಿತು.

ಇಷ್ಟೆಲ್ಲ ಯಾಕೆ, ಬೈಪಾಸ್ ಮಾಡಿಸಿಬಿಡಿ ಎಂದರು ಅಲ್ಲಿದ್ದ ಒಬ್ಬರು. ಬೇಡವೇ ಬೇಡ ಎಂದೆ. ಯುರೋಪಿನಲ್ಲಿ 1998ರಿಂದ ಹೊಸ ಕಾರುಗಳಿಗೆ ಇಮ್ಮೊಬಿಲೈಸರ್ ಕಡ್ಡಾಯ. ಅಮೆರಿಕದಲ್ಲಿ 2021ರ ಸುಮಾರಿಗೆ, ಇದಿಲ್ಲದ ಕೆಲವು ಕಾರುಗಳನ್ನು ಹುಡುಗರು ಯುಎಸ್‌ಬಿ ಕೇಬಲ್ಲಿನ ತುದಿಯಿಂದಲೇ ತಿರುಗಿಸಿ ಒಯ್ದರು. ಗೆಳೆಯರು ಬೈಪಾಸಿಗೆ ಒಪ್ಪಲಿಲ್ಲ. ಕನೆಕ್ಟರಿಗೆ ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಿ, ಎರಡನೆಯ ಕೀಯನ್ನು ಮೊದಲ ಗೊಂಚಲಿಂದ ದೂರ, ಒಳಮನೆಯ ಮೊಳೆಗೆ ತೂಗುಹಾಕಿದರು.