ಹೆಬ್ಬೆರಳಿಗೆ ಸಿಗುವ ಗುಂಡಿ

ಪುತ್ತೂರು, ಸುಳ್ಯ, ಕಡಬದ ತೋಟದ ಮನೆಗಳಲ್ಲಿ ಟಾರ್ಚಿನ ಗುಣ ಅಳೆಯುವುದು ಹೆಬ್ಬೆರಳು.

ಹಳೆಯ ಎವರೆಡಿ ಟಾರ್ಚಿನ ಮೈಮೇಲೆ ಜಾರುವ ಸ್ವಿಚ್ಚು, ಜೊತೆಗೊಂದು ಪುಟ್ಟ ಗುಂಡಿ. ಸ್ವಿಚ್ಚು ತಳ್ಳಿದರೆ ಟಾರ್ಚು ಉರಿಯುತ್ತಲೇ ಇರುತ್ತದೆ. ಗುಂಡಿಯಾದರೆ ಒತ್ತಿದಷ್ಟೇ ಹೊತ್ತು. 1.5 ವೋಲ್ಟಿನ ದಪ್ಪ ಸೆಲ್ಲುಗಳ ಉಳಿತಾಯವೂ ಆಯಿತು. ಮಳೆಗಾಲದ ರಾತ್ರಿ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಟಾರ್ಚು ಹಿಡಿದು ಕಾಲುಸಂಕ ದಾಟುವವರು ಹಿಡಿತ ಬದಲಿಸದೆ ಬೆಳಕು ಹಾಯಿಸಬಹುದು. ಇದಕ್ಕಿಂತ ಜಾಣ ವಿನ್ಯಾಸ ಬೇಕೆ?

ಈಗಿನ ಹಲವು ಎಲ್‌ಇಡಿ ಟಾರ್ಚುಗಳಿಗೆ ಗುಂಡಿ ಹಿಂತುದಿಯಲ್ಲಿ. ಭುಜದೆತ್ತರಕ್ಕೆ ಹಿಡಿದು ಅಡಿಕೆ ಮರದ ತುದಿ ನೋಡುವವರಿಗೆ ಅದು ಹಿತ. ಹಾವಿನ ಭಯಕ್ಕೆ ನೆಲ ನೋಡುತ್ತ ನಡೆಯುವವರಿಗೆ ಕಿರಿಕಿರಿ. ಒಂದೇ ಗುಂಡಿಯಲ್ಲಿ ಮೂರು ಬಗೆಯ ಬೆಳಕು ಅಡಗಿಸಿದರಂತೂ ಮುಗಿಯಿತು: ಆರಿಸಲು ಹೋದರೆ ಮಿನುಗತೊಡಗುತ್ತದೆ!

ರಬ್ಬರ್ ಟ್ಯಾಪಿಂಗಿನವರ ಲೆಕ್ಕ ಬೇರೆ. ಬಿಸಿಲೇರುವ ಮೊದಲೇ ಹಾಲು ಚೆನ್ನಾಗಿ ಇಳಿಯುವುದರಿಂದ ಅವರು ನಸುಕಿಗೇ ಹೊರಡುತ್ತಾರೆ. ಕತ್ತಿ ಹಿಡಿದ ಕೈಗೆ ಬಿಡುವಿಲ್ಲ. ಹಾಗಾಗಿ ಹಣೆಗೆ ಕಟ್ಟುವ ಟಾರ್ಚು. ಹಾಲು ಅಂಟಿದ ಬೆರಳಿಗೂ ಸಿಗುವಷ್ಟು ದೊಡ್ಡ ಗುಂಡಿ ಇದ್ದರೆ ಒಳ್ಳೆಯದು.

ಕೈಯಲ್ಲಿ ಹಿಡಿಯುವುದಕ್ಕಾದರೆ ಮೈಮೇಲಿನ ಜಾರುವ ಸ್ವಿಚ್ಚೇ ಮೇಲು. ಕೊಳ್ಳುವ ಮುನ್ನ ಅಂಗಡಿಯಲ್ಲೇ ಕಣ್ಣು ಮುಚ್ಚಿ ಒಮ್ಮೆ ಹಾಕಿ, ಆರಿಸಿ ನೋಡಿ.